ಗಣಕಯಂತ್ರದ ಪರದೆಯ ಮೇಲೊಂದು ಮೊಣಕಾಲು

ಆರೋಗ್ಯ ಲೇಖನಗಳ ಈ ಪುಟಗಳಲ್ಲಿ ಬ್ಯಾಂಕಿನವನೊಬ್ಬನು ಯಂತ್ರದ ವಿಚಾರವನ್ನು ಎತ್ತಿರುವುದು ವಾಚಕರಿಗೆ ಸೋಜಿಗವೆನಿಸೀತು. ಕಾರಣವಿದೆ. ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ, ವಿಜಯಪುರದ ಕಡೆಯ ನಮ್ಮ ಖಾತೆದಾರರೊಬ್ಬರು ಅಪಘಾತದಲ್ಲಿ ಬಲಗಾಲನ್ನು ಮೊಣಕಾಲಿನ ಮೇಲಿನಿಂದಲೇ ಕಳೆದುಕೊಂಡರು. ಇಂಜಿನಿಯರಿಂಗ್ ಓದುವ ನನ್ನ ಮಗನು ಕೊನೆಯ ವರ್ಷದ ಪ್ರಾಜೆಕ್ಟಿಗೆ ಕೃತಕ ಮೊಣಕಾಲನ್ನು ಆರಿಸಿಕೊಂಡಾಗ ಅವರನ್ನೇ ಮನೆಗೆ ಕರೆದು ವಿಚಾರಿಸಿದೆವು. “ಸಾಹೇಬ್ರ, ನಿಂತಾಗ ಮಡಚಬಾರದ್ರಿ, ಕೂತಾಗ ಮಡಚಬೇಕ್ರಿ, ಮತ್ತೇನು ಬ್ಯಾಡ” ಎಂದರು.

ಕೇಳಲು ಸುಲಭ. ಆದರೆ ಬಾಗಿಲಿನ ಕೀಲಿನಂತೆ ಒಂದೇ ಅಚ್ಚಿನ ಮೇಲೆ ತಿರುಗುವ ಮೊಣಕಾಲು ಹಳ್ಳತಿಟ್ಟಿನ ನೆಲದಲ್ಲಿ ಥಟ್ಟನೆ ಮಡಚಿಕೊಳ್ಳಬಹುದು. ನಮ್ಮ ದೇಹದ ಮೊಣಕಾಲು ಹಾಗಿಲ್ಲ. ತೊಡೆಯೆಲುಬು ಕೆಳಗಿನ ಎಲುಬಿನ ಮೇಲೆ ಉರುಳುತ್ತಲೂ ಜಾರುತ್ತಲೂ ಸಾಗುತ್ತದೆ. ಕತ್ತರಿಯಂತೆ ಹಾದಿರುವ ಎರಡು ಅಸ್ಥಿರಜ್ಜುಗಳು ಆ ಎರಡು ಎಲುಬುಗಳೊಡನೆ ಸೇರಿ ಸ್ಥೂಲವಾಗಿ ನಾಲ್ಕು ಸರಳುಗಳ ಚೌಕಟ್ಟಿನಂತೆ ವರ್ತಿಸುತ್ತವೆ. 1968ರಲ್ಲಿ ರಾಮಚಂದ್ರ ಶರ್ಮಾ ಹಾಗೂ ಡಾ. ಪಿ.ಕೆ. ಸೇಠಿಯವರು ರೂಪಿಸಿದ ಜೈಪುರ ಪಾದವನ್ನು ಎಲ್ಲರೂ ಬಲ್ಲರು. ಅದರೊಡನೆ ಬಳಸಲು ಸುಮಾರು 20 ಡಾಲರುಗಳ ನಾಲ್ಕು ಸರಳಿನ ಮೊಣಕಾಲೊಂದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತರಗತಿಯ ಪ್ರಾಜೆಕ್ಟಾಗಿಯೇ ರಚಿಸಿದರು. 2009ರಲ್ಲಿ ‘ಟೈಮ್’ ಪತ್ರಿಕೆಯು ಅದನ್ನು ವರ್ಷದ ಶ್ರೇಷ್ಠ ಆವಿಷ್ಕಾರಗಳಲ್ಲಿ ಎಣಿಸಿತು.

ಮಗನು ಗಣಕಯಂತ್ರದಲ್ಲಿ ಒಂದೊಂದು ಬಿಡಿಭಾಗವನ್ನೂ ಬೇರೆಬೇರೆಯಾಗಿ ರಚಿಸಿ, ರಂಧ್ರಕ್ಕೆ ರಂಧ್ರವನ್ನು ಕೂಡಿಸಿದನು. ಇಲ್ಲೊಂದು ಲೆಕ್ಕವಿದೆ; ಜಮಾಖರ್ಚಿನವನಾದ ನನಗೆ ಅದು ಹಿಡಿಸಿತು. ಸರಳುಗಳ ಸಂಖ್ಯೆಯಲ್ಲಿ ಒಂದನ್ನು ಕಳೆದು ಮೂರರಿಂದ ಗುಣಿಸಬೇಕು. ಕೀಲುಗಳ ಸಂಖ್ಯೆಯ ಇಮ್ಮಡಿಯನ್ನು ಅದರಲ್ಲಿ ಕಳೆಯಬೇಕು. ಸರಳು ನಾಲ್ಕು, ಕೀಲು ನಾಲ್ಕು: 9ರಲ್ಲಿ 8 ಹೋದರೆ 1. ಎಂದರೆ ಒಂದನ್ನು ಅಲುಗಿಸಿದರೆ ಉಳಿದವುಗಳ ಚಲನೆ ತಾನಾಗಿ ನಿರ್ಧಾರವಾಗುತ್ತದೆ. ಬಾಕಿ ಸೊನ್ನೆಯಾದರೆ ಯಂತ್ರವೇ ಅಲುಗದು! ಆ ಒಂದಕ್ಕೆ ಕಾಲ್ಪನಿಕ ಮೋಟಾರನ್ನು ಜೋಡಿಸಿದೊಡನೆ ಮೊಣಕಾಲು ಪರದೆಯ ಮೇಲೆ ನಯವಾಗಿ ಮಡಚಿತು, ಬಿಚ್ಚಿತು. ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದೆವು.

ನನಗೆ ಮಾತ್ರ ಕೈಯಿಂದ ಮುಟ್ಟದೆ ಸಮಾಧಾನವಿಲ್ಲ. ರಟ್ಟಿನಿಂದ ಪಟ್ಟಿಗಳನ್ನು ಕತ್ತರಿಸಿ ಗುಂಡುಸೂಜಿ ಚುಚ್ಚಿದೆನು. ವಾಚಕರೂ ಮಾಡಿ ನೋಡಬಹುದು. ಸೂಜಿಯಿಂದ ಸೂಜಿಗೆ ಕೆಳಪಟ್ಟಿ 6 ಸೆಂ.ಮೀ., ಮೇಲ್ಪಟ್ಟಿ 3, ಹಿಂದಿನದು 6, ಮುಂದಿನದು 8. ಹಿಂದಿನ ಪಟ್ಟಿಯನ್ನು ನೆಟ್ಟಗೆ, ತುಸುವೇ ಹಿಂದಕ್ಕೆ ವಾಲಿಸಿ ನಿಲ್ಲಿಸಿರಿ. ಹಿಂದಿನ, ಮುಂದಿನ ಪಟ್ಟಿಗಳ ಗೆರೆಗಳನ್ನು ಮೇಲಕ್ಕೆ ಬೆಳೆಸಿದರೆ ಅವು ಕೆಳಪಟ್ಟಿಯಿಂದ 13–14 ಸೆಂ.ಮೀ. ಎತ್ತರದಲ್ಲಿ, ಹಿಂಭಾಗದಲ್ಲಿ ಸಂಧಿಸುತ್ತವೆ. ಆ ಕ್ಷಣಕ್ಕೆ ಮೊಣಕಾಲಿನ ನಿಜವಾದ ತಿರುಗುಬಿಂದು ಅದೇ. ದೇಹಭಾರದ ಗೆರೆಯು ಅದರ ಮುಂದೆ ಹಾದರೆ ಭಾರವೇ ಕಾಲನ್ನು ನೆಟ್ಟಗೆ ಒತ್ತಿಹಿಡಿಯುತ್ತದೆ. ಹಿಂದೆ ಹಾದರೆ ಮಡಚಿಹಾಕುತ್ತದೆ. ಮಡಚುತ್ತ ಹೋದಂತೆ ಬಿಂದುವು ಕೆಳಗೂ ಮುಂದಕ್ಕೂ ಸರಿಯುವುದರಿಂದ ಕೂರುವುದೂ ಸಾಧ್ಯ.

ಪರದೆಯ ಮೇಲಿನ ಅಳತೆಗಳನ್ನು ಇದರೊಡನೆ ಹೋಲಿಸಿದಾಗ ನನ್ನ ಎದೆ ಧಸಕ್ಕೆಂದಿತು. ಮಗನು 8ರ ಸರಳನ್ನು ಹಿಂದಕ್ಕೂ 6ರದನ್ನು ಮುಂದಕ್ಕೂ ಇಟ್ಟಿದ್ದನು. ಬಿಂದುವು ಮುಂಭಾಗಕ್ಕೆ ಹೋಗಿತ್ತು. ಚಲನಚಿತ್ರದಲ್ಲಿ ಇದರ ಸುಳಿವೇ ಇಲ್ಲ, ಏಕೆಂದರೆ ಅಲ್ಲಿ ಚಾಲನೆ ಮೋಟಾರಿನದು, ಮನುಷ್ಯನ ಭಾರವಿಲ್ಲ. “ಅಪ್ಪಾ, ಮಾಡೆಲ್ ಸರಿಯಾಗಿಯೇ ಓಡಿತಲ್ಲ!” ಎಂದು ಅವನು ವಾದಿಸಿದನು. ರಟ್ಟಿನ ಪಟ್ಟಿಗಳನ್ನು ಹಿಂದುಮುಂದಾಗಿ ಜೋಡಿಸಿ ಮೇಲಿನಿಂದ ಹೆಬ್ಬೆರಳಿನಿಂದ ಒತ್ತೆಂದೆನು. ಅದು ಕುಸಿಯಿತು. ಅವನು ಆ ರಾತ್ರಿಯೇ ಸರಳುಗಳನ್ನು ಅದಲುಬದಲು ಮಾಡಿದನು.

ಖಾತೆದಾರರು ಮುಂದಿನ ಭಾನುವಾರ ಬಂದರು. ಮೊಣಕಾಲು ಮಡಚಿದಾಗ ಕಾಲಿನ ಉದ್ದ ತುಸು ಕಡಿಮೆಯಾಗಿ, ಪಾದವು ನೆಲಕ್ಕೆ ಎಡವದಂತೆ ಸಾಗುವುದನ್ನು ಮಗನು ತೋರಿಸಿದನು. ಅವರು ಅದನ್ನು ಬಿಟ್ಟು, ಕಾಲು ನೆಟ್ಟಗಾಗಿ ನಿಲ್ಲುವ ಚಿತ್ರವನ್ನೇ ನಿಧಾನವಾಗಿ ಮತ್ತೊಮ್ಮೆ ಓಡಿಸೆಂದರು.