ಮಾಳಿಗೆಯ ಓಣಿಗಳು

‘ಮಾಳಿಗೆ’ ಎಂದರೆ ಮೈಸೂರು ಸೀಮೆಯವರಿಗೆ ಮೇಲಂತಸ್ತು; ಉತ್ತರ ಕರ್ನಾಟಕದವರಿಗೆ ಮಣ್ಣಿನ ಸಮತಟ್ಟು ಛಾವಣಿ. ಹಳೆಯ ಬಾಗಲಕೋಟೆಯಲ್ಲಿ ತಾನು ಬೆಳೆದ ಓಣಿಗೆ ಬಹುಕಾಲದ ಮೇಲೆ ಮರಳುವವನ ಕಣ್ಣು ಈ ಎರಡನೆಯ ಮಾಳಿಗೆಯನ್ನು ಅರಸುತ್ತದೆ.

ಅದರ ರಚನೆ ಸರಳವಾದುದು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಮಣ್ಣು. ನಡುವೆ ಬೆಳಕಿಂಡಿ, ಅಂಚಿಗೆ ಕುಂಬಿ. ಮಳೆಗಾಲಕ್ಕೆ ಮುನ್ನ ಹಾಳುಮಣ್ಣನ್ನು ಹರಡದಿದ್ದರೆ ಮನೆ ಸೋರುವುದು. ಎರಡು ಮನೆಗಳಿಗೆ ಒಂದೇ ಗೋಡೆಯಿದ್ದಲ್ಲಿ ಒಬ್ಬನ ಆಲಸ್ಯದಿಂದ ನೆರೆಯವನ ಗೋಡೆಯೂ ನೆನೆಯುತ್ತಿದ್ದಿತು. ಆದುದರಿಂದ ನೆರೆಹೊರೆಯ ಹೊಂದಾಣಿಕೆಯು ಅಲ್ಲಿ ವಾಸದ ನಿಯಮವೇ ಆಗಿದ್ದಿತು. ಮಕ್ಕಳಿಗಂತೂ ಸಾಲುಮಾಳಿಗೆಗಳು ಓಣಿಯ ಮೇಲಿನ ಇನ್ನೊಂದು ಓಣಿ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲನ್ನಿರಿಸಿದರು. ಮುಂದೆ ಕೃಷ್ಣೆಯ ನೀರು ಬರಡು ಹೊಲಗಳಿಗೆ ಹರಿಯಿತು. ಘಟಪ್ರಭೆಯ ದಡದ ಈ ಊರಿನ ಅನೇಕ ಓಣಿಗಳು ಮುಳುಗಡೆಗೆ ಸಂದವು. ಮನೆ ಕಳೆದುಕೊಂಡವರಿಗಾಗಿ ನವನಗರವು ಸೆಕ್ಟರುಗಳಾಗಿ ನಿರ್ಮಾಣಗೊಂಡಿತು. ಅಲ್ಲಿ ವಿಳಾಸವನ್ನು ಅಂಕಿಯಿಂದ ಹೇಳುವರು.

ಮರಳಿ ಬಂದವನಿಗೆ ಮನೆ ಕಾಣಸಿಗದಿರಬಹುದು. ಜಂತಿ, ಕುಂಬಿ, ಬೆಳಕಿಂಡಿ ಎಂಬ ಮಾತುಗಳು ಮಾತ್ರ ಅವನ ನಾಲಗೆಯಲ್ಲಿ ಉಳಿದಿರುತ್ತವೆ. ವಸ್ತು ಅಳಿದ ಮೇಲೆ ಅದರ ಹೆಸರು ಬಹುಕಾಲ ಬಾಳದು. ಆದಕಾರಣ ಉಪಾಧ್ಯಾಯರು ವಿದ್ಯಾರ್ಥಿಗಳಿಂದ ಹಳೆಯ ಮನೆಯ ಚಿತ್ರವೊಂದನ್ನು ಬರೆಯಿಸಿ, ಪ್ರತಿ ಭಾಗದ ಹೆಸರನ್ನು ಅಜ್ಜ-ಅಜ್ಜಿಯರಿಂದ ಕೇಳಿ ಪಕ್ಕದಲ್ಲಿ ಗುರುತಿಸಲು ಹೇಳುವುದು ಉಚಿತ. ಹೇಳಬಲ್ಲ ಹಿರಿಯರು ಇರುವಾಗಲೇ ಈ ಕಾರ್ಯ ನಡೆಯಬೇಕು.