ಬಚ್ಚಲೊಲೆಯ ಲೆಕ್ಕ

ಚಳಿಗಾಲಕ್ಕೆಂದು ಮನೆಯನ್ನೇ ಕಾಯಿಸುವ ಪದ್ಧತಿ ನಮ್ಮ ಬಯಲುಸೀಮೆಯಲ್ಲಿಲ್ಲ. ಕಂಬಳಿ ಹೊದ್ದರೆ ಆಯಿತು. ನಮ್ಮಲ್ಲಿ ಕಾಯುವುದು ಸ್ನಾನದ ನೀರು. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಸೌದೆಯ ಬಹುಭಾಗ ಬಚ್ಚಲೊಲೆಯ ಪಾಲು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಉಷ್ಣದ ವಿಷಯಕ್ಕೆ ಕೈಹಾಕಿದುದಕ್ಕೆ ಕಾರಣ ಯಾವ ಪುಸ್ತಕವೂ ಅಲ್ಲ. ಕಳೆದ ಚಳಿಗಾಲದಲ್ಲಿ ಕೊಂಡ ಸೌದೆ ಸಾಲದೆ, ನಮ್ಮವ್ವ ಎಲ್ಲರ ಸ್ನಾನವಾದ ಮೇಲೆ ಹಂಡೆಯ ತಳದ ನೀರಿಗೆ ತಣ್ಣೀರು ಬೆರೆಸಿ ಮೀಯುತ್ತಿದ್ದಳು. ಅದು ನನಗೆ ತಿಳಿದುದು ಸಂಕ್ರಾಂತಿಯ ಹೊತ್ತಿಗೆ.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಶಾಖ ಬೇಕು. ಒಬ್ಬರಿಗೆ 20 ಲೀಟರ್ ಎನ್ನೋಣ. 20 ಡಿಗ್ರಿಯ ನೀರು 45 ಡಿಗ್ರಿಗೆ ಬರಲು 500 ಕಿಲೋಕ್ಯಾಲರಿ, ನಾಲ್ವರಿಗೆ 2000. ಒಣಗಿದ ಒಂದು ಕಿಲೋ ಸೌದೆ ಪೂರ್ತಿ ಉರಿದರೆ ಸುಮಾರು 4000 ಕಿಲೋಕ್ಯಾಲರಿ ಕೊಡುತ್ತದೆ. ಅಂದರೆ ಅರ್ಧ ಕಿಲೋ ಸಾಕು! ಅಂಗಡಿಯಿಂದ ತಕ್ಕಡಿಯನ್ನು ಎರವಲು ತಂದು ತೂಗಿದೆ. ನಾವು ಉರಿಸುತ್ತಿದ್ದುದು ಆರು ಕಿಲೋ. ತಪ್ಪಿರಬೇಕೆಂದು ಮೂರು ದಿನ ತೂಗಿದೆ, ತಪ್ಪಿರಲಿಲ್ಲ. ಹನ್ನೆರಡರಲ್ಲಿ ಒಂದು ಪಾಲು ನೀರಿಗೆ, ಮಿಕ್ಕ ಹನ್ನೊಂದು ಗೋಡೆಗೂ ಹೊಗೆಗೂ.

ಈ ಹನ್ನೊಂದು ಪಾಲು ಹೋಗುವ ದಾರಿಗಳನ್ನು ಹುಡುಕಬೇಕಾಯಿತು. ಮೊದಲನೆಯದನ್ನು ತೋರಿಸಿದವಳು ಅವ್ವನೇ. "ಹಸಿ ಸೌದೆ ಅಳ್ತದೆ ನೋಡು" ಎಂದಳು. ಉರಿಯುವ ಕೊರಡಿನ ಹಿಂತುದಿಯಲ್ಲಿ ಸುಂಯ್ ಎಂದು ನೊರೆ ಬರುತ್ತದಲ್ಲ, ಅದು. ಆಗತಾನೇ ಕಡಿದ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ಅದರ ಪ್ರತಿ ಕಿಲೋ ಆವಿಯಾಗಲು 600 ಕಿಲೋಕ್ಯಾಲರಿಗೂ ಮಿಗಿಲಾಗಿ ಶಾಖ ತಿನ್ನುತ್ತದೆ. ನಾವು ಹಣ ಕೊಟ್ಟು ನೀರು ಕೊಂಡು, ಅದನ್ನು ಕಾಯಿಸಿ ಆಕಾಶಕ್ಕೆ ಕಳಿಸುತ್ತಿದ್ದೆವು. ಎರಡನೆಯದು ಹಂಡೆಯ ತೆರೆದ ಬಾಯಿ: ಏಳುವ ಆವಿಯೊಡನೆ ಶಾಖವೂ ಏಳುತ್ತದೆ. ಮೂರನೆಯದು ಗಾಳಿ. ಬೂದಿಯ ಮೇಲೆ ಒತ್ತಾಗಿ ಮಲಗಿದ ಸೌದೆಗೆ ಕೆಳಗಿನಿಂದ ಗಾಳಿಯಿಲ್ಲದೆ, ಉರಿಯಬೇಕಾದ ಅನಿಲ ಹೊಗೆಯಾಗಿ ಹೋಗುತ್ತದೆ. ಒಲೆಯ ಬಾಯಿಯಿಂದಲೋ ಬೇಡದ ತಣ್ಣನೆಯ ಗಾಳಿ ನುಗ್ಗಿ ಉರಿಯನ್ನು ತಣಿಸುತ್ತದೆ.

ಸೌದೆಯನ್ನು ಸಣ್ಣಗೆ ಸೀಳಿ ಸೂರಿನಡಿ ಒಣಗಿಸಿದೆವು. ಹಂಡೆಗೆ ಹಳೆಯ ತಗಡಿನ ಮುಚ್ಚಳವಾಯಿತು. ಇಟ್ಟಿಗೆಗಳ ಮೇಲೆ ಕಬ್ಬಿಣದ ಸರಳುಗಳನ್ನಿಟ್ಟು ಸೌದೆಯನ್ನು ಬೂದಿಯಿಂದ ಮೇಲೆತ್ತಿದೆ. ನನ್ನ ಬುದ್ಧಿವಂತಿಕೆ ಅತಿಯಾಗಿ, ಒಲೆಯ ಬಾಯಿಯನ್ನೂ ಕಲ್ಲಿನಿಂದ ಪೂರ್ತಿ ಮುಚ್ಚಿದೆ. ಬಚ್ಚಲೆಲ್ಲ ಹೊಗೆ ತುಂಬಿ, ಅಪ್ಪ ಸೋಪು ಹಚ್ಚಿದ ಮೈಯಲ್ಲೇ ಹೊರಗೆ ಬಂದರು. ಆಮೇಲೆ ಅರ್ಧ ಮಾತ್ರ ಮುಚ್ಚಿದೆ. ಎರಡು ವಾರದ ನಂತರ ತೂಗಿದಾಗ ಮೂರೂವರೆ ಕಿಲೋ ಬಂತು.

ಇದರಲ್ಲಿ ಹೊಸದೇನೂ ಇಲ್ಲವೆಂದು ಆಮೇಲೆ ತಿಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗದವರು ನಮ್ಮ ಜಿಲ್ಲೆಯದೇ ಆದ ಉಂಗ್ರದಲ್ಲಿ ಹಳ್ಳಿಯ ಇಂಧನದ ಅಧ್ಯಯನ ನಡೆಸಿದ್ದರು. ಅವರ ಅಸ್ತ್ರ ಒಲೆಯಲ್ಲಿ ಇದ್ದುದೂ ಜಾಲರಿ, ಮುಚ್ಚಿದ ಉರಿಗೂಡು, ಹೊಗೆಕೊಳವೆಗಳೇ. ನಮ್ಮ ಒಲೆಗೆ ಹೊಗೆಕೊಳವೆ ಇನ್ನೂ ಇಲ್ಲ.

ವಿದ್ಯುತ್ ಕಾಯಿಲ್ ಉಳ್ಳವರಿಗೂ ಲೆಕ್ಕ ಇದೇ: 20 ಲೀಟರಿಗೆ 0.6 ಯೂನಿಟ್ಟಿನ ಆಸುಪಾಸು. 1500 ವಾಟಿನ ಕಾಯಿಲಿಗೆ ಇಪ್ಪತ್ತೈದು ನಿಮಿಷ ಸಾಕು. ಹಾಸ್ಟೆಲಿನಲ್ಲಿ ಅದನ್ನು ಮರೆತು ಮುಕ್ಕಾಲು ಗಂಟೆ ಉರಿಸುವ ಮಿತ್ರರನ್ನು ಹೆಸರಿಸುವುದಿಲ್ಲ. ಬಿಸಿಲಿನ ಹೀಟರು ಎಲ್ಲಕ್ಕಿಂತ ಮೇಲು, ಆದರೆ ಮೊದಲೇ ಸುರಿಯುವ ಹಣ ನಮ್ಮಂಥವರಲ್ಲಿಲ್ಲ. ಒಂದನ್ನು ಮಾತ್ರ ಒತ್ತಿ ಹೇಳಬೇಕು. ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬಾರದು. ಅದರಿಂದೇಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ನಿದ್ರೆಯಲ್ಲೇ ಕೊಲ್ಲುತ್ತದೆ.

ಅವ್ವ ಈಗಲೂ ಕೊನೆಗೇ ಮೀಯುವುದು. ಬೇಡವೆಂದರೆ ಕೇಳುವುದಿಲ್ಲ. ಮುಚ್ಚಳವಿರುವುದರಿಂದ ಆ ಹೊತ್ತಿಗೂ ನೀರು ಬಿಸಿಯಾಗಿಯೇ ಇರುತ್ತದೆ. ನಾನು ಕೈಯಿಟ್ಟು ನೋಡಿದ್ದೇನೆ.