ರಕ್ಷಣಾ ಅಕಾಡೆಮಿಗೆ ಹೋಗಬಯಸುವ ಮಕ್ಕಳ ದೇಹ ಸಿದ್ಧತೆ



ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಭಾವೀ ಅಧಿಕಾರಿಗಳು ತರಬೇತಿ ಪಡೆಯುತ್ತಾರೆ. ಎರಡನೆಯ ಪಿ.ಯು.ಸಿ. ಓದುತ್ತಿರುವ ಅಥವಾ ಮುಗಿಸಿರುವ, ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗಿನ ಅವಿವಾಹಿತರು ಅರ್ಜಿ ಹಾಕಬಹುದು. 2021ರಿಂದ ಹೆಣ್ಣುಮಕ್ಕಳಿಗೂ ಅವಕಾಶವಿದೆ. ಮೊದಲು ಕೇಂದ್ರ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ; ಅನಂತರ ಆಯ್ಕೆ ಮಂಡಳಿಯ 5 ದಿನಗಳ ಪರೀಕ್ಷೆ; ಕಡೆಗೆ ಸೈನ್ಯದ ವೈದ್ಯರ ತಪಾಸಣೆ. ಆಯ್ಕೆ ಮಂಡಳಿಯ ಮುಂದೆ 3 ನಿಮಿಷಗಳಲ್ಲಿ 10 ಅಡೆತಡೆಗಳನ್ನು ದಾಟಲು ಯತ್ನಿಸಬೇಕಾಗುತ್ತದೆ.

“ಹೊಲದಲ್ಲಿ ದುಡಿದ ಹುಡುಗನಿಗೆ ಬೇರೆ ಕಸರತ್ತು ಏಕೆ?” ಎಂದು ಹಿರಿಯರು ಕೇಳುವುದುಂಟು. ಮೂಟೆ ಹೊತ್ತ ಬೆನ್ನಿಗೆ, ಗುದ್ದಲಿ ಹಿಡಿದ ತೋಳಿಗೆ ಬಲವಿದೆ, ನಿಜ. ಆದರೆ ನಿಲ್ಲದೆ ಓಡುವ ಉಸಿರು, ತನ್ನ ಮೈಭಾರವನ್ನು ತಾನೇ ಎತ್ತುವ ಶಕ್ತಿ ಅಭ್ಯಾಸದಿಂದಲೇ ಬರಬೇಕು. ಅದಕ್ಕೆ ಮೂರು ತಿಂಗಳಾದರೂ ಬೇಕು. ಕರೆ ಬಂದ ಮೇಲೆ ಹದಿನೈದು ದಿನ ಮೈಮುರಿದು ಓಡಿದರೆ ಮೊಣಕಾಲಿನ ಕೆಳಗೆ ನೋವು ಹಿಡಿದು, ಓದಿ ಗಳಿಸಿದ ಅವಕಾಶ ಕೈತಪ್ಪಬಹುದು.

ಮುಟ್ಟಬೇಕಾದ ಗುರಿ

ಆಯೋಗದ ಪ್ರಕಟಣೆಗಳಲ್ಲಿ ಅಭ್ಯರ್ಥಿಗಳಿಗೆ ಕೊಟ್ಟಿರುವ ಸಲಹೆ ಹೀಗಿದೆ: 15 ನಿಮಿಷಗಳಲ್ಲಿ 2.4 ಕಿಲೋಮೀಟರ್ ಓಟ, ಹಗ್ಗದಾಟ, ಪುಷ್‌ಅಪ್ ಮತ್ತು ಸಿಟ್‌ಅಪ್ ಕನಿಷ್ಠ 20 ಸಲ, ಅಡ್ಡಕಂಬಿ ಹಿಡಿದು ಗದ್ದ ಮೇಲೆ ಬರುವಂತೆ ಮೈ ಎತ್ತುವುದು ಕನಿಷ್ಠ 8 ಸಲ, 3ರಿಂದ 4 ಮೀಟರ್ ಹಗ್ಗ ಹತ್ತುವುದು.

ಅಭ್ಯಾಸದ ಕ್ರಮ

1. 20 ಮೀಟರಿನ ಹಗ್ಗದಿಂದ ಹತ್ತು ಸಲ ಅಳೆದು 200 ಮೀಟರ್ ದಾರಿ ಗುರುತಿಸಿರಿ. ಅಂಥ 12 ಸಲ ಓಡಿದರೆ 2.4 ಕಿಲೋಮೀಟರ್. ಒಂದೊಂದಕ್ಕೂ 75 ಸೆಕೆಂಡು ಸಿಗುತ್ತದೆ.

2. ಮೊದಲ ತಿಂಗಳು ವಾರಕ್ಕೆ ಮೂರು ದಿನ, ಒಮ್ಮೆ ಓಟ, ಒಮ್ಮೆ ನಡಿಗೆ. ಎರಡನೆಯ ತಿಂಗಳು ನಡಿಗೆ ಕಡಿಮೆ ಮಾಡುತ್ತ ಬನ್ನಿರಿ. ನಿಲ್ಲದೆ ಓಡುವುದು ಸಾಧ್ಯವಾದ ಮೇಲೆ ಗಡಿಯಾರ ನೋಡಿರಿ.

3. ಉಳಿದ ದಿನಗಳಲ್ಲಿ ತೋಳಿನ ಕಸರತ್ತು. ಮೈ ಎತ್ತಲಾಗದವರು ಮೊದಲು ಕಂಬಿಗೆ ಜೋತುಬೀಳಲಿ. ಬಳಿಕ ಕಲ್ಲಿನ ಮೇಲೆ ನಿಂತು ಗದ್ದ ಮೇಲಿಟ್ಟು ನಿಧಾನವಾಗಿ ಇಳಿಯಲಿ. ಹಗ್ಗವನ್ನು ಗಟ್ಟಿ ಕೊಂಬೆಗೆ ಕಟ್ಟಿ, ಕೆಳಗೆ ಮರಳು ಹಾಕಿರಿ.

4. ವಾರಕ್ಕೆ ಒಂದು ದಿನ ಪೂರ್ಣ ವಿಶ್ರಾಂತಿ. ಎದೆನೋವು ಅಥವಾ ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿರಿ.

ಆಹಾರ ಮತ್ತು ಆರೋಗ್ಯ

ರಾಗಿಮುದ್ದೆ, ಬೇಳೆ, ಮೊಳಕೆಕಾಳು, ಸೊಪ್ಪು, ಹಾಲು, ಕಡಲೆಕಾಯಿ ಸಾಕು. ತಿನ್ನುವವರಿಗೆ ಮೊಟ್ಟೆಯೂ ಒಳ್ಳೆಯದು. ಹೊಟ್ಟೆತುಂಬ ಉಂಡ ಕೂಡಲೇ ಓಡಬಾರದು. ಕಿವಿಯ ಗುಗ್ಗೆ, ಮೂಲವ್ಯಾಧಿ, ಟಾನ್ಸಿಲ್ ಊತ, ಹೆಚ್ಚು ಅಥವಾ ಕಡಿಮೆ ತೂಕ, ಇವು ವೈದ್ಯಕೀಯ ತಪಾಸಣೆಯಲ್ಲಿ ಅಡ್ಡಿಯಾಗುತ್ತವೆ. ಇವನ್ನು ಮೊದಲೇ ಸರಿಪಡಿಸಿಕೊಳ್ಳಬೇಕು. ಜಾತ್ರೆಯಲ್ಲಿ ಮನಬಂದ ಕಡೆ ಹಚ್ಚೆ ಹಾಕಿಸಿಕೊಳ್ಳಬಾರದು. ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಬದಿ ಬಿಟ್ಟು ಉಳಿದೆಡೆಯ ಹಚ್ಚೆಗೆ ಸಾಮಾನ್ಯವಾಗಿ ಅನುಮತಿಯಿಲ್ಲ.

ತಂದೆತಾಯಿಗಳು ಮಾಡಬೇಕಾದ್ದು ಒಂದೇ: ಬೆಳಗಿನ ಒಂದು ಗಂಟೆ ಮಗನಿಗೋ ಮಗಳಿಗೋ ಬಿಟ್ಟುಕೊಡಿರಿ. ನೀರು ಹಾಯಿಸುವ, ಹಾಲು ಕರೆಯುವ ಕೆಲಸವನ್ನು ಆ ಹೊತ್ತಿಗೆ ಮನೆಯ ಬೇರೆಯವರು ಹಂಚಿಕೊಳ್ಳಲಿ. ಈ ಸಲದ ಒಕ್ಕಣೆ ಮುಗಿದ ಕೂಡಲೇ ದಾರಿ ಅಳೆದು ಅಭ್ಯಾಸ ಆರಂಭಿಸಿರಿ.